ಕತ್ತಲಿದ್ದರೆ ಕಾಣುವ ಕಿಡಿ

ಸ್ತನದಲ್ಲೊಂದು ಚಿಕ್ಕ ಗಂಟು. ಪರೀಕ್ಷೆಯಿಂದ ಅದು ಕ್ಯಾನ್ಸರ್ ಎಂಬುದು ಖಚಿತವಾಗಿದೆ. ಇಡೀ ಸ್ತನವನ್ನು ತೆಗೆಯಬೇಕಾಗಿಲ್ಲ. ಗಂಟನ್ನೂ ಅದರ ಸುತ್ತಲಿನ ಒಂದಿಷ್ಟು ಅಂಗಾಂಶವನ್ನೂ ತೆಗೆದರೆ ಸಾಕು ಎಂದು ಶಸ್ತ್ರವೈದ್ಯರು ತೀರ್ಮಾನಿಸುತ್ತಾರೆ. ಶಸ್ತ್ರಕ್ರಿಯೆ ಮುಗಿದು ರೋಗಿ ಮನೆಗೂ ಹೋಗುತ್ತಾಳೆ. ಆದರೆ ತೆಗೆದ ತುಣುಕನ್ನು ತೆಳುವಾಗಿ ಸೀಳಿ, ಬಣ್ಣ ಹಾಕಿ, ಸೂಕ್ಷ್ಮದರ್ಶಕದಡಿ ನೋಡಿದ ವರದಿ ಬರುವುದು ಕೆಲವು ದಿನಗಳ ಮೇಲೆ. ತುಣುಕಿನ ಅಂಚಿನವರೆಗೂ ರೋಗದ ಕೋಶಗಳಿದ್ದರೆ ದೇಹದೊಳಗೆ ಇನ್ನೂ ಕೆಲವು ಉಳಿದಿರಬಹುದೆಂದು ಅರ್ಥ. ಆಗ ಅದೇ ಗಾಯವನ್ನು ಮತ್ತೊಮ್ಮೆ ಬಿಚ್ಚಬೇಕು. ಬ್ರಿಟನ್, ಅಮೆರಿಕಗಳ ಅಂಕಿಅಂಶಗಳ ಪ್ರಕಾರ ಹೀಗೆ ಗಂಟು ತೆಗೆಸಿಕೊಂಡ ಸುಮಾರು ಐವರಲ್ಲಿ ಒಬ್ಬರಿಗೆ ಈ ಎರಡನೆಯ ಶಸ್ತ್ರಕ್ರಿಯೆ ತಪ್ಪಿದ್ದಲ್ಲ.

ಉಳಿದ ಕೋಶಗಳು ಶಸ್ತ್ರಕ್ರಿಯೆಯ ಮೇಜಿನ ಮೇಲೆಯೇ 'ಇಲ್ಲಿದ್ದೇವೆ' ಎಂದು ತೋರಿಸಿಕೊಡುವಂತಿದ್ದರೆ? ಈ ಆಸೆ ಇಂದು ಬರಿಯ ಆಸೆಯಾಗಿ ಉಳಿದಿಲ್ಲ. 2024ರ ಏಪ್ರಿಲ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಪೆಗುಲಿಸಿಯಾನಿನ್ ಎಂಬ ರಾಸಾಯನಿಕಕ್ಕೆ ಒಪ್ಪಿಗೆ ನೀಡಿತು. ಇದನ್ನು ಶಸ್ತ್ರಕ್ರಿಯೆಗೆ ಕೆಲವು ಗಂಟೆ ಮೊದಲು ರಕ್ತನಾಳಕ್ಕೆ ಕೊಡುತ್ತಾರೆ. ರಕ್ತದಲ್ಲಿ ಸುತ್ತುವಾಗ ಅದು ಕತ್ತಲಾಗಿಯೇ ಇರುತ್ತದೆ. ಗಡ್ಡೆಯ ಬಳಿ ಹೆಚ್ಚಾಗಿರುವ ಕೆಲವು ಕಿಣ್ವಗಳು ಅದನ್ನು ಕತ್ತರಿಸಿದಾಗ ಮಾತ್ರ ಹೊಳೆಯತೊಡಗುತ್ತದೆ. ಆ ಹೊಳಪು ಬರಿಗಣ್ಣಿಗೆ ಕಾಣುವುದಿಲ್ಲ. ಕೈಯಲ್ಲಿ ಹಿಡಿಯುವ ಉಪಕರಣವೊಂದು ಅದನ್ನು ಗುರುತಿಸಿ ಪರದೆಯ ಮೇಲೆ ತೋರಿಸುತ್ತದೆ.

ಕಿಣ್ವದ ಕೆಲಸವನ್ನು ಬೆಳಕಾಗಿ ಬದಲಾಯಿಸುವ ಇಂಥ ಸಾಧನಗಳನ್ನು ಪ್ರತಿದೀಪ್ತಿ ಶೋಧಕಗಳೆನ್ನುತ್ತಾರೆ. ಗಾತ್ರದಲ್ಲಿ ಇವು ಕೆಲವು ನ್ಯಾನೋಮೀಟರ್‌ಗಳಿಂದ ಹಲವು ಹತ್ತು ನ್ಯಾನೋಮೀಟರ್‌ಗಳವರೆಗೆ ಇರುತ್ತವೆ. ಒಂದು ಮಿಲಿಮೀಟರನ್ನು ಹತ್ತು ಲಕ್ಷ ಪಾಲು ಮಾಡಿದರೆ ಒಂದು ಪಾಲು ಒಂದು ನ್ಯಾನೋಮೀಟರ್. ಈ ಶೋಧಕಗಳನ್ನು ಇನ್ನಷ್ಟು ಸೂಕ್ಷ್ಮಗೊಳಿಸುವ ಪ್ರಯತ್ನ ಜಗತ್ತಿನ ಅನೇಕ ಪ್ರಯೋಗಾಲಯಗಳಲ್ಲಿ ನಡೆದಿದೆ. ಇದರ ಬೇರು ಮಾತ್ರ ನಾಲ್ಕೂವರೆ ಶತಮಾನಗಳಷ್ಟು ಹಿಂದಕ್ಕೆ ಹೋಗುತ್ತದೆ.

ಹಾಜರಿ ಬೇರೆ, ಕೆಲಸ ಬೇರೆ

ಅನ್ನವನ್ನೋ ರೊಟ್ಟಿಯನ್ನೋ ನುಂಗದೆ ಅಗಿಯುತ್ತಲೇ ಇದ್ದರೆ ಬಾಯಿ ಸಿಹಿಯಾಗುವುದು ಎಲ್ಲರ ಅನುಭವ. ಜೊಲ್ಲಿನಲ್ಲಿರುವ ಒಂದು ಕಿಣ್ವ ಹಿಟ್ಟಿನ ಅಂಶವನ್ನು ಸಕ್ಕರೆಯಾಗಿ ಒಡೆಯುವುದೇ ಇದಕ್ಕೆ ಕಾರಣ. ಕಿಣ್ವವೆಂದರೆ ಹೀಗೆ ದೇಹದ ರಾಸಾಯನಿಕ ಕ್ರಿಯೆಗಳನ್ನು ಚುರುಕುಗೊಳಿಸುವ ಪ್ರೋಟೀನು. ತಾನು ಸವೆಯದೆ ಒಂದರ ಮೇಲೊಂದು ಅಣುವನ್ನು ಕತ್ತರಿಸುವುದು ಅಥವಾ ಜೋಡಿಸುವುದು ಅದರ ಗುಣ. ಒಂದೇ ಕತ್ತರಿಯಿಂದ ದರ್ಜಿ ದಿನವಿಡೀ ಬಟ್ಟೆ ಕತ್ತರಿಸಿದ ಹಾಗೆ.

ಒಂದು ಕಿಣ್ವ ಎಷ್ಟು ಪ್ರಮಾಣದಲ್ಲಿದೆ ಎಂದು ಅಳೆಯುವುದು ಒಂದು ಕೆಲಸ. ಅದು ಎಷ್ಟು ಚುರುಕಾಗಿ ದುಡಿಯುತ್ತಿದೆ ಎಂದು ಅಳೆಯುವುದು ಇನ್ನೊಂದು. ಹಾಜರಿ ಪುಸ್ತಕದಲ್ಲಿ ಸಹಿ ಇದ್ದ ಮಾತ್ರಕ್ಕೆ ಕಚೇರಿಯಲ್ಲಿ ಕಡತ ಮುಂದೆ ಸರಿದಿದೆ ಎಂದೇನೂ ಅಲ್ಲವಷ್ಟೆ. ಮೇದೋಜೀರಕ ಗ್ರಂಥಿಯಲ್ಲಿ ತಯಾರಾಗುವ ಟ್ರಿಪ್ಸಿನ್ ಇದಕ್ಕೆ ಒಳ್ಳೆಯ ಉದಾಹರಣೆ. ಗ್ರಂಥಿಯಲ್ಲಿರುವಾಗ ಅದು ನಿಷ್ಕ್ರಿಯ ರೂಪದಲ್ಲಿರುತ್ತದೆ. ಕರುಳನ್ನು ಸೇರಿದ ಮೇಲಷ್ಟೆ ಕೆಲಸಕ್ಕಿಳಿಯುತ್ತದೆ. ಗ್ರಂಥಿಯೊಳಗೇ ಎಚ್ಚರಗೊಂಡರೆ ಗ್ರಂಥಿಯನ್ನೇ ಜೀರ್ಣಿಸಲು ಹೊರಡುತ್ತದೆ. ಆದ್ದರಿಂದ ರೋಗದ ಸುಳಿವು ಸಿಗಬೇಕಾದರೆ ಕಿಣ್ವದ ಇರುವಿಕೆಗಿಂತ ಅದರ ದುಡಿಮೆಯನ್ನು ತಿಳಿಯುವುದು ಮುಖ್ಯ.

ಕ್ಯಾನ್ಸರಿನ ವಿಷಯದಲ್ಲಿ ಹೆಚ್ಚು ಗಮನ ಸೆಳೆದಿರುವುದು ಪ್ರೋಟೀನುಗಳನ್ನು ಕತ್ತರಿಸುವ ಕಿಣ್ವಗಳು. ಇವುಗಳಲ್ಲಿ ಒಂದು ಬಗೆಯದರ ಪತ್ತೆಯಾದದ್ದು 1962ರಲ್ಲಿ, ಗೊದಮೊಟ್ಟೆಯ ಬಾಲದಲ್ಲಿ. ಗೊದಮೊಟ್ಟೆ ಕಪ್ಪೆಯಾಗುವಾಗ ಅದರ ಬಾಲ ಕರಗಿಹೋಗುತ್ತದೆ. ಅಷ್ಟು ಗಟ್ಟಿಯಾದ ನಾರಿನಂಥ ಕೊಲಾಜನ್ ಹೇಗೆ ಕರಗುತ್ತದೆ ಎಂದು ಹುಡುಕಿದ ಜೆರೋಮ್ ಗ್ರಾಸ್ ಮತ್ತು ಚಾರ್ಲ್ಸ್ ಲಾಪಿಯೆರ್ ಅವರಿಗೆ ಅದನ್ನು ಕತ್ತರಿಸುವ ಕಿಣ್ವ ಸಿಕ್ಕಿತು. ಇದೇ ಬಳಗದ ಕಿಣ್ವಗಳನ್ನು ಗಡ್ಡೆಗಳು ಸುತ್ತಲಿನ ಅಂಗಾಂಶವನ್ನು ಕೊರೆದು ಮುಂದೆ ಸಾಗಲು ಬಳಸಿಕೊಳ್ಳುತ್ತವೆ ಎಂಬುದು ಆಮೇಲೆ ತಿಳಿಯಿತು. ಕಳ್ಳನನ್ನು ಅವನ ಕನ್ನಗತ್ತರಿಯಿಂದಲೇ ಹಿಡಿಯಬಹುದೆಂಬ ಯೋಚನೆ ಹುಟ್ಟಿದ್ದು ಇಲ್ಲಿಂದ.

ಹಾಲು ಕಲಿಸಿದ ಪಾಠ

ಕಿಣ್ವದ ಕೆಲಸವನ್ನು ಅಳೆದು ಜನರ ಆರೋಗ್ಯ ಕಾಯುವ ರೂಢಿ ಆಸ್ಪತ್ರೆಗಳಿಗಷ್ಟೆ ಸೀಮಿತವಲ್ಲ. ಡೇರಿಗಳಲ್ಲೂ ಇದು ಬಹುಕಾಲದಿಂದ ನಡೆದುಬಂದಿದೆ. ಹಸಿ ಹಾಲಿನಲ್ಲಿ ಕ್ಷಯವೇ ಮೊದಲಾದ ರೋಗಗಳ ಬ್ಯಾಕ್ಟೀರಿಯಗಳು ಇರಬಹುದು. ಅವನ್ನು ಕೊಲ್ಲಲು ಹಾಲನ್ನು 63 ಡಿಗ್ರಿ ಸೆಲ್ಸಿಯಸ್‌ನಲ್ಲಿ 30 ನಿಮಿಷ ಅಥವಾ 72 ಡಿಗ್ರಿಯಲ್ಲಿ 15 ಸೆಕೆಂಡು ಕಾಯಿಸುತ್ತಾರೆ. ಇದೇ ಪ್ಯಾಶ್ಚರೀಕರಣ. ಕಾಯಿಸಿದ್ದು ಸರಿಯಾಗಿದೆಯೇ ಎಂದು ಪ್ರತಿ ಸಲವೂ ಬ್ಯಾಕ್ಟೀರಿಯ ಹುಡುಕುತ್ತ ಕುಳಿತರೆ ಹಾಲು ಕೆಟ್ಟೇ ಹೋದೀತು.

ಇದಕ್ಕೆ ಪರಿಹಾರ ಹಾಲಿನೊಳಗೇ ಇತ್ತು. ಹಸಿ ಹಾಲಿನಲ್ಲಿ ಸಹಜವಾಗಿ ಇರುವ ಆಲ್ಕಲೈನ್ ಫಾಸ್ಫಟೇಸ್ ಎಂಬ ಕಿಣ್ವ ರೋಗಾಣುಗಳಿಗಿಂತ ತುಸು ಹೆಚ್ಚು ಶಾಖ ತಡೆಯುತ್ತದೆ. ಅದು ಸತ್ತಿದೆ ಎಂದರೆ ರೋಗಾಣುಗಳು ಅದಕ್ಕೆ ಮೊದಲೇ ಸತ್ತಿರಬೇಕು. ಈ ಸರಳ ತರ್ಕವನ್ನು ಹಿಡಿದು ಇಂಗ್ಲೆಂಡಿನ ಕೇ ಮತ್ತು ಗ್ರಹಾಂ 1935ರಲ್ಲಿ ಒಂದು ಪರೀಕ್ಷೆ ರೂಪಿಸಿದರು. ಕಿಣ್ವ ಜೀವಂತವಾಗಿದ್ದರೆ ಹಾಲಿಗೆ ಸೇರಿಸಿದ ಒಂದು ರಾಸಾಯನಿಕ ಒಡೆದು, ಕೊನೆಯಲ್ಲಿ ನೀಲಿ ಬಣ್ಣ ಮೂಡುತ್ತಿತ್ತು. 1949ರಲ್ಲಿ ಹಳದಿ ಬಣ್ಣ ಬರುವ ಇನ್ನೊಂದು ವಿಧಾನ ಬಂತು.

ಬಣ್ಣದ ಪರೀಕ್ಷೆಗಳಿಗೆ ಒಂದು ಮಿತಿಯುಂಟು. ಬಿಳಿಯ ಹಾಲಿನಲ್ಲಿ ಮೂಡುವ ತೀರ ತೆಳುವಾದ ಹಳದಿ ಛಾಯೆಯನ್ನು ಗುರುತಿಸುವುದು ಕಷ್ಟ. ಹೀಗಾಗಿ ಬಣ್ಣದ ಜಾಗಕ್ಕೆ ಬೆಳಕು ಬಂತು. ಫಾಸ್ಫೇಟಿನ ತುಣುಕು ಅಂಟಿಕೊಂಡಿರುವವರೆಗೆ ಹೊಳೆಯದೆ, ಕಿಣ್ವ ಅದನ್ನು ಕತ್ತರಿಸಿದೊಡನೆ ಹೊಳೆಯುವ ಪದಾರ್ಥವನ್ನು ಬಳಸಲಾಯಿತು. ಫಲಿತಾಂಶ ಕೆಲವೇ ನಿಮಿಷಗಳಲ್ಲಿ ಸಿಗುವಂತಾಯಿತು. ಪ್ಯಾಶ್ಚರೀಕರಿಸಿದ ಒಂದು ಲೀಟರು ಹಾಲಿನಲ್ಲಿ ಈ ಕಿಣ್ವದ ಚಟುವಟಿಕೆ 350 ಮಿಲಿಯೂನಿಟ್ ಮೀರಬಾರದೆಂಬ ಮಿತಿಯನ್ನು ಅಮೆರಿಕ, ಯುರೋಪುಗಳು ಒಪ್ಪಿಕೊಂಡದ್ದು ಇಂಥ ಸೂಕ್ಷ್ಮ ವಿಧಾನ ಕೈಗೆ ಬಂದ ಮೇಲೆ. ಕಾಯಿಸಿದ ಹಾಲಿಗೆ ಹಸಿ ಹಾಲು ಅತ್ಯಲ್ಪ ಬೆರೆತರೂ ಇದು ಹೇಳಿಬಿಡುತ್ತದೆ.

ಮರದ ಬಟ್ಟಲಿನಿಂದ ಕ್ವಿನೈನ್‌ವರೆಗೆ

ಬಣ್ಣಕ್ಕಿಂತ ಬೆಳಕು ಯಾಕೆ ಮೇಲು? ಉತ್ತರ ತಿಳಿಯಲು ಪ್ರತಿದೀಪ್ತಿಯ ಕಥೆಯನ್ನು ನೋಡಬೇಕು.

1565ರಲ್ಲಿ ಸ್ಪೇನಿನ ಸೆವಿಲ್ ನಗರದ ವೈದ್ಯ ನಿಕೊಲಾಸ್ ಮೊನಾರ್ಡೆಸ್ ಮೆಕ್ಸಿಕೋದಿಂದ ಬಂದ ಒಂದು ಮರದ ಚೆಕ್ಕೆಯನ್ನು ವರ್ಣಿಸಿದ. ಮೂತ್ರಪಿಂಡದ ತೊಂದರೆಗಳಿಗೆ ಔಷಧಿಯೆಂದು ಬಳಸುತ್ತಿದ್ದ ಆ ಚೆಕ್ಕೆಯನ್ನು ನೆನೆಹಾಕಿದ ನೀರು ವಿಚಿತ್ರವಾದ ನೀಲಿ ಬಣ್ಣ ತೋರುತ್ತಿತ್ತು. ಮುಂದೆ ಫಿಲಿಪೀನ್ಸ್‌ನ ಇನ್ನೊಂದು ಮರದಿಂದ ಮಾಡಿದ ಬಟ್ಟಲುಗಳೂ ಇದೇ ಚಮತ್ಕಾರಕ್ಕೆ ಹೆಸರಾದವು. ಯುರೋಪಿನ ಅರಮನೆಗಳನ್ನು ಸೇರಿದವು. ಆ ಫಿಲಿಪೀನ್ಸ್ ಮರ ನಮ್ಮ ಹೊನ್ನೆ ಮರದ ಕುಲಕ್ಕೇ ಸೇರಿದ್ದು. ಸಕ್ಕರೆ ಕಾಯಿಲೆಯವರು ರಾತ್ರಿ ನೀರು ತುಂಬಿಟ್ಟು ಬೆಳಿಗ್ಗೆ ಕುಡಿಯುವ ಹೊನ್ನೆಯ ಲೋಟಗಳನ್ನು ಬಲ್ಲವರಿಗೆ ಆ ಬಟ್ಟಲುಗಳನ್ನು ಕಲ್ಪಿಸಿಕೊಳ್ಳುವುದು ಕಷ್ಟವಲ್ಲ.

ಆ ನೀಲಿಯ ಗುಟ್ಟು ಒಡೆಯಲು ಸುಮಾರು ಮುನ್ನೂರು ವರ್ಷ ಬೇಕಾಯಿತು. ಚಳಿಜ್ವರಕ್ಕೆ ಕೊಡುತ್ತಿದ್ದ ಕ್ವಿನೈನಿನ ದ್ರಾವಣವನ್ನು ಬಿಸಿಲಿಗೆ ಹಿಡಿದರೆ ಅದರ ಮೇಲ್ಮೈಯಲ್ಲಿ ಆಕಾಶನೀಲಿ ಹೊಳಪು ಕಾಣುತ್ತದೆಂದು ಜಾನ್ ಹರ್ಷೆಲ್ 1845ರಲ್ಲಿ ವರದಿ ಮಾಡಿದ. 1852ರಲ್ಲಿ ಕೇಂಬ್ರಿಜ್‌ನ ಜಾರ್ಜ್ ಸ್ಟೋಕ್ಸ್ ಇನ್ನೂ ಮುಂದೆ ಹೋದ. ಸೂರ್ಯನ ಬೆಳಕನ್ನು ಪಟ್ಟಕದಿಂದ ಏಳು ಬಣ್ಣಗಳಾಗಿ ಹರಡಿ, ಕ್ವಿನೈನ್ ತುಂಬಿದ ಕೊಳವೆಯನ್ನು ಒಂದೊಂದೇ ಬಣ್ಣದಲ್ಲಿ ಸರಿಸುತ್ತ ಹೋದ. ಕೆಂಪಿನಲ್ಲಿ ಏನೂ ಇಲ್ಲ, ಹಸಿರಿನಲ್ಲಿ ಏನೂ ಇಲ್ಲ. ನೇರಳೆಯನ್ನೂ ದಾಟಿ, ಕಣ್ಣಿಗೆ ಕತ್ತಲೆಂದೇ ಕಾಣುವ ಜಾಗಕ್ಕೆ ಬಂದರೂ ಕೊಳವೆ ನೀಲಿಯಾಗಿ ಬೆಳಗಿತು. ಕಾಣದ ಅತಿನೇರಳೆ ಕಿರಣವನ್ನು ನುಂಗಿ ಕಾಣುವ ನೀಲಿ ಬೆಳಕನ್ನು ಹೊರಹಾಕುವ ಈ ಗುಣಕ್ಕೆ, ಹಾಗೆಯೇ ಹೊಳೆಯುವ ಫ್ಲೋರ್‌ಸ್ಪಾರ್ ಖನಿಜದ ಹೆಸರಿನಿಂದ ಅವನು ಫ್ಲೋರೆಸೆನ್ಸ್ ಎಂದು ಹೆಸರಿಟ್ಟ. ಕನ್ನಡದಲ್ಲಿ ಅದೇ ಪ್ರತಿದೀಪ್ತಿ. ನೋಟು ಪರೀಕ್ಷಿಸುವ ನೇರಳೆ ದೀಪದ ಕೆಳಗೆ ನೋಟಿನ ಅಂಕಿಗಳೂ ಎಳೆಗಳೂ ಹೊಳೆಯುವುದು ಇದೇ ಕಾರಣದಿಂದ.

ಅಣು ಬೆಳಕನ್ನು ನುಂಗಿದಾಗ ಅದರ ಶಕ್ತಿಯಲ್ಲಿ ಸ್ವಲ್ಪ ಭಾಗ ಶಾಖವಾಗಿ ಸೋರಿಹೋಗುತ್ತದೆ. ಉಳಿದದ್ದು ಮಾತ್ರ ಬೆಳಕಾಗಿ ಮರಳುತ್ತದೆ. ಹಾಗಾಗಿ ಹೊರಬರುವ ಬೆಳಕು ಸಾಮಾನ್ಯವಾಗಿ ಒಳಹೋದುದಕ್ಕಿಂತ ಕಡಿಮೆ ಶಕ್ತಿಯದು, ಅಂದರೆ ಕೆಂಪಿನ ಕಡೆಗೆ ವಾಲಿದ್ದು. ಈ ಬಣ್ಣ ಬದಲಾವಣೆಯೇ ದೊಡ್ಡ ವರ. ಹಾಕಿದ ಬೆಳಕನ್ನು ಸೋಸಿ ಬಂದ ಬೆಳಕನ್ನು ಮಾತ್ರ ನೋಡಬಹುದು.

ಲಕ್ಷದೀಪೋತ್ಸವದಲ್ಲಿ ಒಂದು ದೀಪ ಆರಿದರೆ ಯಾರಿಗೂ ಗೊತ್ತಾಗುವುದಿಲ್ಲ. ಕರೆಂಟು ಹೋದ ಮನೆಯಲ್ಲಿ ಒಂದು ಹಣತೆ ಹಚ್ಚಿದರೆ ಎಲ್ಲರಿಗೂ ಕಾಣುತ್ತದೆ. ಬಣ್ಣದ ಪರೀಕ್ಷೆ ಮೊದಲನೆಯದರಂತೆ. ತುಂಬು ಬೆಳಕಿನಲ್ಲಿ ಎಷ್ಟು ಕಡಿಮೆಯಾಯಿತೆಂದು ನೋಡುವುದು. ಪ್ರತಿದೀಪ್ತಿ ಎರಡನೆಯದರಂತೆ. 1877ರಲ್ಲಿ ಜರ್ಮನಿಯಲ್ಲಿ ಡ್ಯಾನ್ಯೂಬ್ ನದಿಯ ನೀರು ನೆಲದೊಳಗೆ ಇಂಗಿಹೋಗುವ ಕಡೆ 10 ಕಿಲೋಗ್ರಾಂ ಫ್ಲೋರೆಸಿನ್ ಬಣ್ಣ ಸುರಿದು ನೋಡಿದರು. ಸುಮಾರು ಎರಡೂವರೆ ದಿನಗಳ ಬಳಿಕ ಹನ್ನೆರಡು ಕಿಲೋಮೀಟರು ದೂರದ ಆಖ್ ಬುಗ್ಗೆಯಲ್ಲಿ ಹಸಿರು ಹೊಳಪು ಎದ್ದುಬಂತು. ನದಿಯೊಂದರ ನೀರಿನಲ್ಲಿ ಅಷ್ಟು ಬಣ್ಣ ಕಾಣಿಸಿಕೊಂಡಿತೆಂದರೆ ಪ್ರತಿದೀಪ್ತಿಯ ಬಲ ಎಷ್ಟೆಂದು ಊಹಿಸಬಹುದು.

ಒಂದೇ ಒಂದು ಅಣು

ಕಿಣ್ವದ ಒಂದೇ ಅಣುವಿನ ಕೆಲಸವನ್ನು ಕಾಣಬಹುದೇ? 1961ರಲ್ಲಿಯೇ ಬೋರಿಸ್ ರಾಟ್‌ಮನ್ ಇದನ್ನು ಸಾಧಿಸಿ ತೋರಿಸಿದ. ಅವನ ಉಪಾಯ ಬಹಳ ಸರಳ. ಕಿಣ್ವವನ್ನೂ, ಅದು ಕತ್ತರಿಸಿದರೆ ಹೊಳೆಯುವ ಪದಾರ್ಥವನ್ನೂ ಬೆರೆಸಿ ಅತಿ ಸಣ್ಣ ಹನಿಗಳಾಗಿ ಎಣ್ಣೆಯೊಳಗೆ ಸಿಂಪಡಿಸಿದ. ಕಿಣ್ವ ಎಷ್ಟು ತೆಳುವಾಗಿತ್ತೆಂದರೆ ಬಹುಪಾಲು ಹನಿಗಳಲ್ಲಿ ಅದು ಇರಲೇ ಇಲ್ಲ. ಕೆಲವುಗಳಲ್ಲಿ ಒಂದೊಂದೇ ಅಣುವಿತ್ತು. ಕೆಲವು ಗಂಟೆ ಕಾದ ಮೇಲೆ ಆ ಕೆಲವು ಹನಿಗಳು ಮಾತ್ರ ಸೂಕ್ಷ್ಮದರ್ಶಕದಲ್ಲಿ ಹೊಳೆದವು.

ಇದರ ಹಿಂದಿನ ಲೆಕ್ಕ ನೋಡಬಹುದು. ಒಂದು ಕಿಣ್ವದ ಅಣು ಸೆಕೆಂಡಿಗೆ ನೂರು ಸಲ ಕತ್ತರಿಸುತ್ತದೆಂದು ಇಟ್ಟುಕೊಂಡರೆ ಗಂಟೆಗೆ 3 ಲಕ್ಷ 60 ಸಾವಿರ ಹೊಳೆಯುವ ಅಣುಗಳು ಹುಟ್ಟುತ್ತವೆ. ಇವು ಒಂದು ಮಿಲಿಲೀಟರು ನೀರಿನಲ್ಲಿ ಚೆದುರಿದರೆ ಸುಳಿವೇ ಸಿಗದು. ಅದೇ ಅಣುಗಳು ಮಿಲಿಲೀಟರಿನ ನೂರು ಕೋಟಿಯಲ್ಲಿ ಒಂದು ಪಾಲಿನಷ್ಟು ಹನಿಯೊಳಗೆ ಕೂಡಿದ್ದರೆ ಸಾಂದ್ರತೆ ನೂರು ಕೋಟಿ ಪಟ್ಟು ಹೆಚ್ಚುತ್ತದೆ. ಚಿಟಿಕೆ ಅರಿಸಿನವನ್ನು ಕೆರೆಗೆ ಹಾಕುವುದಕ್ಕೂ ಒಳಲೆಗೆ ಹಾಕುವುದಕ್ಕೂ ಇರುವ ವ್ಯತ್ಯಾಸ ಇದು. ಅಮೆರಿಕದ ಟಫ್ಟ್ಸ್ ವಿಶ್ವವಿದ್ಯಾಲಯದ ಡೇವಿಡ್ ವಾಲ್ಟ್ ಮತ್ತು ಸಂಗಡಿಗರು ಇದೇ ತತ್ವದ ಮೇಲೆ, ಇನ್ನೂ ಚಿಕ್ಕದಾದ ಸಾವಿರಾರು ಗುಳಿಗಳಲ್ಲಿ ಒಂದೊಂದೇ ಅಣುವನ್ನು ಕೂರಿಸಿ ಎಣಿಸುವ ವಿಧಾನವನ್ನು ಬೆಳೆಸಿದರು. ರಕ್ತದಲ್ಲಿ ಅತ್ಯಲ್ಪವಾಗಿರುವ ಪ್ರೋಟೀನುಗಳನ್ನು ಹೀಗೆ ಎಣಿಸಬಹುದೆಂದು 2010ರಲ್ಲಿ ತೋರಿಸಿದರು.

ಪರೀಕ್ಷಾನಳಿಕೆಯ ಮಾತೇನೋ ಸರಿ. ಜೀವಂತ ದೇಹವನ್ನು ಹನಿಗಳಾಗಿ ಸಿಂಪಡಿಸಲು ಬರುವುದಿಲ್ಲ. ಅಲ್ಲಿ ಬೇರೆಯೇ ಉಪಾಯ ಬೇಕು.

ದೀಪದ ಪಕ್ಕದ ಕಳ್ಳ

ಹೊಳೆಯುವ ಅಣುವಿನ ಪಕ್ಕದಲ್ಲೇ ಅದರ ಶಕ್ತಿಯನ್ನು ಕದಿಯುವ ಇನ್ನೊಂದು ಅಣುವನ್ನು ಕೂರಿಸಿದರೆ ಮೊದಲನೆಯದು ಹೊಳೆಯುವುದಿಲ್ಲ. ಈ ಕಳ್ಳತನದ ನಿಯಮವನ್ನು ಜರ್ಮನಿಯ ಥಿಯೋಡೋರ್ ಫೋರ್ಸ್ಟರ್ 1948ರಲ್ಲಿ ವಿವರಿಸಿದ. ಎರಡರ ನಡುವಿನ ದೂರ ಇಮ್ಮಡಿಯಾದರೆ ಶಕ್ತಿ ಸಾಗುವ ವೇಗ 64 ಪಟ್ಟು ಕಡಿಮೆಯಾಗುತ್ತದೆ. 1967ರಲ್ಲಿ ಲೂಬರ್ಟ್ ಸ್ಟ್ರೈಯರ್ ಮತ್ತು ರಿಚರ್ಡ್ ಹಾಗ್ಲಂಡ್ ಉದ್ದ ಗೊತ್ತಿರುವ ಅಣುಸರಪಳಿಗಳ ಎರಡು ತುದಿಗೆ ಇಂಥ ಜೋಡಿಯನ್ನು ಕಟ್ಟಿ ಈ ನಿಯಮ ನಿಜವೆಂದು ತೋರಿಸಿದರು. ಕೆಲವು ನ್ಯಾನೋಮೀಟರ್‌ಗಳ ದೂರವನ್ನು ಅಳೆಯಲು ಇದೊಂದು ಅಳತೆಪಟ್ಟಿಯಾಯಿತು.

ಕಿಣ್ವ ಶೋಧಕದ ರಚನೆ ಇದರಿಂದಲೇ ಬಂದದ್ದು. ಒಂದು ತುದಿಯಲ್ಲಿ ಹೊಳೆಯುವ ಅಣು, ಇನ್ನೊಂದು ತುದಿಯಲ್ಲಿ ಆರಿಸುವ ಅಣು, ನಡುವೆ ಕಿಣ್ವ ಕತ್ತರಿಸಬಲ್ಲ ಪುಟ್ಟ ಪ್ರೋಟೀನಿನ ದಾರ. ದಾರ ತುಂಡಾದರೆ ಎರಡೂ ದೂರ ಸರಿದು ದೀಪ ಹೊತ್ತಿಕೊಳ್ಳುತ್ತದೆ. ಒಂದು ಕಿಣ್ವ ಒಂದಾದ ಮೇಲೊಂದು ದಾರಗಳನ್ನು ಕತ್ತರಿಸುತ್ತ ಹೋಗುವುದರಿಂದ ಒಂದು ಕಿಣ್ವಕ್ಕೆ ನೂರಾರು ದೀಪಗಳು ಹೊತ್ತುತ್ತವೆ.

1999ರಲ್ಲಿ ಬೋಸ್ಟನ್‌ನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯ ರಾಲ್ಫ್ ವೈಸ್‌ಲೆಡರ್ ತಂಡ ಇನ್ನೊಂದು ದಾರಿ ಹಿಡಿಯಿತು. ಉದ್ದನೆಯ ಪಾಲಿಮರಿನ ಮೇಲೆ ಹೊಳೆಯುವ ಅಣುಗಳನ್ನೇ ಒತ್ತೊತ್ತಾಗಿ ಪೋಣಿಸಿದಾಗ ಅವು ಒಂದರ ಬೆಳಕನ್ನು ಇನ್ನೊಂದು ನುಂಗಿ ಕತ್ತಲಾದವು. ಇಲಿಗಳ ಗಡ್ಡೆಯಲ್ಲಿ ಕಿಣ್ವಗಳು ಪಾಲಿಮರನ್ನು ಕತ್ತರಿಸಿದಾಗ ಹೊಳಪು 12 ಪಟ್ಟು ಹೆಚ್ಚಿತು. ಮಿಲಿಮೀಟರಿಗಿಂತ ಚಿಕ್ಕ ಗಡ್ಡೆಗಳೂ ಗೋಚರಿಸಿದವು.

ಇಷ್ಟರಲ್ಲಿ ನ್ಯಾನೋ ಕಣಗಳೂ ಬಂದಿದ್ದವು. ಕೆಲವು ನ್ಯಾನೋಮೀಟರ್ ಗಾತ್ರದ ಅರೆವಾಹಕ ಹರಳುಗಳಾದ ಕ್ವಾಂಟಂ ಚುಕ್ಕಿಗಳ ಬಣ್ಣ ಅವುಗಳ ಗಾತ್ರವನ್ನೇ ಅವಲಂಬಿಸಿದೆ; ಚಿಕ್ಕದು ನೀಲಿ, ದೊಡ್ಡದು ಕೆಂಪು. ಇವನ್ನು ಕಂಡುಹಿಡಿದು ಬೆಳೆಸಿದ ಅಲೆಕ್ಸಿ ಎಕಿಮೋವ್, ಲೂಯಿ ಬ್ರೂಸ್ ಮತ್ತು ಮೌಂಗಿ ಬವೆಂಡಿ ಅವರಿಗೆ 2023ರ ರಸಾಯನವಿಜ್ಞಾನ ನೊಬೆಲ್ ಬಂತು. ಸಾಮಾನ್ಯ ಬಣ್ಣದ ಅಣುಗಳಿಗಿಂತ ಇವು ಪ್ರಖರ, ಬೇಗ ಮಾಸುವುದಿಲ್ಲ. ಇನ್ನೊಂದು ಕಡೆ ಚಿನ್ನದ ನ್ಯಾನೋ ಕಣಗಳು ಪಕ್ಕದ ಬೆಳಕನ್ನು ನುಂಗುವುದರಲ್ಲಿ ಗಟ್ಟಿಗ. ಒಂದೇ ಕಣದ ಮೇಲೆ ಹತ್ತಾರು ದಾರಗಳನ್ನು ಕಟ್ಟಬಹುದಾದ್ದರಿಂದ ಶೋಧಕ ತಯಾರಕರಿಗೆ ಹೊಸ ಸಾಮಗ್ರಿಯೇ ಸಿಕ್ಕಿದಂತಾಯಿತು.

ಹೊಳಪೋ ಕತ್ತಲೋ

ಸೂಕ್ಷ್ಮತೆ ಹೆಚ್ಚಿಸಬೇಕೆಂದರೆ ದೀಪವನ್ನು ಪ್ರಖರಗೊಳಿಸಬೇಕು ಎಂದೇ ಯಾರಿಗಾದರೂ ತೋಚುತ್ತದೆ. ಒಂದು ಸಣ್ಣ ಲೆಕ್ಕ ಬೇರೆಯದನ್ನೇ ಹೇಳುತ್ತದೆ.

ಎಲ್ಲ ದಾರಗಳೂ ತುಂಡಾದಾಗ 100 ಅಂಶ ಬೆಳಕು ಕೊಡುವ ಶೋಧಕವೊಂದು, ಒಂದೂ ತುಂಡಾಗದಿದ್ದಾಗಲೂ 5 ಅಂಶ ಸೋರುತ್ತದೆಂದು ಭಾವಿಸೋಣ. ಕಿಣ್ವ ನೂರರಲ್ಲಿ ಒಂದು ದಾರವನ್ನು ಕತ್ತರಿಸಿದರೆ ಬೆಳಕು 5ರಿಂದ 5.95ಕ್ಕೆ ಏರುತ್ತದೆ. ಅಂದರೆ ಶೇಕಡ 19ರಷ್ಟು ಏರಿಕೆ. ಈಗ ಎರಡರಷ್ಟು ಪ್ರಖರವಾದ ಅಣುವನ್ನು ಹಾಕಿದರೆ ಸೋರಿಕೆಯೂ 10 ಆಗುತ್ತದೆ. ಬೆಳಕು 10ರಿಂದ 11.9ಕ್ಕೆ ಏರುತ್ತದೆ. ಏರಿಕೆ ಮತ್ತೆ ಶೇಕಡ 19. ಬದಲಿಗೆ ಹಳೆಯ ಅಣುವನ್ನೇ ಇಟ್ಟುಕೊಂಡು ಸೋರಿಕೆಯನ್ನು 5ರಿಂದ 1ಕ್ಕೆ ಇಳಿಸಿದರೆ ಬೆಳಕು 1ರಿಂದ 1.99ಕ್ಕೆ ಏರುತ್ತದೆ, ಹೆಚ್ಚುಕಡಿಮೆ ಎರಡರಷ್ಟು. ಕತ್ತಲನ್ನು ಗಟ್ಟಿಮಾಡಿದ್ದರಿಂದ ಸಿಕ್ಕ ಲಾಭ ಇದು. ಆದಕಾರಣ ಸಂಶೋಧಕರ ಹೆಚ್ಚಿನ ಶ್ರಮ ಆರಿಸುವ ಅಣುವಿನ ಆಯ್ಕೆಗೆ, ದಾರದ ಉದ್ದಕ್ಕೆ, ಒಂದು ಕಣದ ಮೇಲೆ ಎಷ್ಟು ಜೋಡಿಗಳಿರಬೇಕೆಂಬ ಲೆಕ್ಕಕ್ಕೆ ಸಲ್ಲುತ್ತದೆ. ದಾರಗಳು ವಿರಳವಾದರೆ ಬೆಳಕು ಕಡಿಮೆ. ತೀರ ಒತ್ತಾದರೆ ಸಂತೆಯ ನೂಕುನುಗ್ಗಲಿನಂತಾಗಿ ಕಿಣ್ವಕ್ಕೆ ಒಳನುಗ್ಗಲು ಜಾಗವಿರುವುದಿಲ್ಲ.

ಪ್ರಖರತೆ ವ್ಯರ್ಥ ಎಂದಲ್ಲ. ಸೋರಿಕೆ ಶೋಧಕದ್ದಾಗಿರದೆ ಹೊರಗಿನದಾಗಿದ್ದರೆ ಪ್ರಖರ ದೀಪ ನೆರವಾಗುತ್ತದೆ. ಹೊರಗಿನ ಗದ್ದಲವೂ ಕಡಿಮೆಯೇನಲ್ಲ. ದೇಹದ ಅಂಗಾಂಶಗಳು ತಾವೇ ಸ್ವಲ್ಪ ಹೊಳೆಯುತ್ತವೆ. ಶುದ್ಧ ನೀರು ಕೂಡ ಪೂರ್ತಿ ಕತ್ತಲಲ್ಲ. ಇಲ್ಲಿಗೆ ಸರ್ ಸಿ.ವಿ. ರಾಮನ್ ಅವರ ಹೆಸರು ಬರುತ್ತದೆ. 1923ರಲ್ಲಿ ಕಲ್ಕತ್ತೆಯಲ್ಲಿ ಅವರ ಶಿಷ್ಯ ಕೆ.ಆರ್. ರಾಮನಾಥನ್ ದ್ರವಗಳಲ್ಲಿ ಬಣ್ಣ ಬದಲಿಸಿ ಬರುವ ಮಂದವಾದ ಬೆಳಕೊಂದನ್ನು ಕಂಡಾಗ ಅದನ್ನು ಕಶ್ಮಲದಿಂದಾದ ದುರ್ಬಲ ಪ್ರತಿದೀಪ್ತಿಯೆಂದೇ ತಿಳಿಯಲಾಗಿತ್ತು. ಎಷ್ಟು ಸಲ ಶುದ್ಧಗೊಳಿಸಿದರೂ ಅದು ಹೋಗಲಿಲ್ಲ. ಅದು ಪ್ರತಿದೀಪ್ತಿಯಲ್ಲ, ಬೆಳಕಿನ ಹೊಸದೇ ಬಗೆಯ ಚದುರುವಿಕೆ ಎಂದು 1928ರ ಫೆಬ್ರವರಿಯಲ್ಲಿ ಸ್ಪಷ್ಟವಾಯಿತು. ರಾಮನ್ ಪರಿಣಾಮವೆಂದು ಜಗತ್ತು ಅರಿತದ್ದು ಅದನ್ನೇ. ಅವರು 1933ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದು ಕೊನೆಯವರೆಗೂ ಇಲ್ಲೇ ನೆಲೆಸಿದರು. ಸೋಜಿಗವೆಂದರೆ, ಪ್ರತಿದೀಪ್ತಿ ಅಳೆಯುವ ಯಂತ್ರಗಳಿಗೆ ಇಂದು ನೀರಿನ ಈ ರಾಮನ್ ಬೆಳಕೇ ಒರೆಗಲ್ಲು. 350 ನ್ಯಾನೋಮೀಟರ್ ತರಂಗದೂರದ ಬೆಳಕನ್ನು ಶುದ್ಧ ನೀರಿಗೆ ಹಾಯಿಸಿ, 397 ನ್ಯಾನೋಮೀಟರಿನ ಬಳಿ ಮೂಡುವ ಮಂದ ಶಿಖರವನ್ನು ಯಂತ್ರ ಎಷ್ಟು ಸ್ಪಷ್ಟವಾಗಿ ಕಾಣುತ್ತದೆ ಎಂಬುದರಿಂದ ಅದರ ಸೂಕ್ಷ್ಮತೆಯನ್ನು ನಿರ್ಧರಿಸುತ್ತಾರೆ. ಶೋಧಕದ ಬೆಳಕು ಅದಕ್ಕಿಂತ ಮಂದವಾದರೆ ಅದೇ ಶಿಖರ ಅಡ್ಡಿಯೂ ಆಗುತ್ತದೆ.

ಈ ಗದ್ದಲದಿಂದ ತಪ್ಪಿಸಿಕೊಳ್ಳಲು ಮೂರು ದಾರಿಗಳಿವೆ. ಮೊದಲನೆಯದು, ಬಣ್ಣವನ್ನು ಕೆಂಪಿನಾಚೆಗೆ ಒಯ್ಯುವುದು. ಟಾರ್ಚಿಗೆ ಅಂಗೈ ಅಡ್ಡ ಹಿಡಿದರೆ ಕೆಂಪು ಬೆಳಕು ಮಾತ್ರ ತೂರಿಬರುತ್ತದೆ. 700ರಿಂದ 900 ನ್ಯಾನೋಮೀಟರಿನ ಅವಕೆಂಪು ಬೆಳಕು ಇನ್ನೂ ಆಳದಿಂದ ಬರಬಲ್ಲದು; ಅಲ್ಲಿ ಅಂಗಾಂಶದ ಸ್ವಂತ ಹೊಳಪೂ ಕಡಿಮೆ. ಎರಡನೆಯದು, ಕಾಯುವುದು. ಅಂಗಾಂಶದ ಹೊಳಪು ಸೆಕೆಂಡಿನ ನೂರು ಕೋಟಿ ಪಾಲುಗಳಲ್ಲಿ ಕೆಲವೇ ಪಾಲುಗಳಷ್ಟು ಹೊತ್ತಿನಲ್ಲಿ ಆರುತ್ತದೆ. ಯುರೋಪಿಯಂ ಮೊದಲಾದ ವಿರಳ ಲೋಹಗಳ ಹೊಳಪು ಅದಕ್ಕಿಂತ ಲಕ್ಷ ಪಟ್ಟು ಹೆಚ್ಚು ಹೊತ್ತು ಉಳಿಯುತ್ತದೆ. ಗಲಾಟೆ ಅಡಗಿದ ಮೇಲೆ ಕಿವಿಗೊಟ್ಟರೆ ಪಿಸುಮಾತೂ ಕೇಳಿಸುವಂತೆ, ತುಸು ತಡೆದು ನೋಡಿದರೆ ಶೋಧಕದ ಬೆಳಕಷ್ಟೆ ಕಾಣುತ್ತದೆ. ಮೂರನೆಯದು, ಅವಕೆಂಪನ್ನು ನುಂಗಿ ಕಣ್ಣಿಗೆ ಕಾಣುವ ಬೆಳಕನ್ನು ಹೊರಹಾಕುವ ವಿಶೇಷ ಕಣಗಳನ್ನು ಬಳಸುವುದು. ಎರಡು ಅಥವಾ ಹೆಚ್ಚು ಬೆಳಕಿನ ಕಣಗಳ ಶಕ್ತಿಯನ್ನು ಕೂಡಿಸಿ ಒಂದು ಮಾಡುವುದರಿಂದ ಸ್ಟೋಕ್ಸನ ನಿಯಮ ಇಲ್ಲಿ ತಲೆಕೆಳಗಾಗುತ್ತದೆ. ದೇಹದ ಅಂಗಾಂಶ ಹೀಗೆ ಹೊಳೆಯುವುದಿಲ್ಲವಾದ್ದರಿಂದ ಹಿನ್ನೆಲೆ ಬಹುಮಟ್ಟಿಗೆ ಕತ್ತಲಾಗಿರುತ್ತದೆ.

ಪ್ರಯೋಗಾಲಯದಲ್ಲಿ ಗೆದ್ದದ್ದೆಲ್ಲ ದೇಹದಲ್ಲಿ ಗೆಲ್ಲುವುದಿಲ್ಲ. ಅನೇಕ ಕ್ವಾಂಟಂ ಚುಕ್ಕಿಗಳಲ್ಲಿ ಕ್ಯಾಡ್ಮಿಯಂ ಇದೆ, ಅದು ವಿಷ. ಸುಮಾರು 5.5 ನ್ಯಾನೋಮೀಟರಿಗಿಂತ ದೊಡ್ಡ ಕಣಗಳನ್ನು ಮೂತ್ರಪಿಂಡ ಸುಲಭವಾಗಿ ಹೊರಹಾಕದು ಎಂಬುದು 2007ರ ಒಂದು ಅಧ್ಯಯನದಿಂದ ತಿಳಿದುಬಂದಿದೆ. ಈ ಅಡ್ಡಿಯನ್ನೇ ಅನುಕೂಲ ಮಾಡಿಕೊಂಡವರೂ ಇದ್ದಾರೆ. ಎರಡು ನ್ಯಾನೋಮೀಟರಿಗಿಂತ ಚಿಕ್ಕ ಚಿನ್ನದ ಗುಂಪುಗಳನ್ನು ದೊಡ್ಡದೊಂದು ಪ್ರೋಟೀನಿಗೆ ಕಟ್ಟಿ ಇಲಿಗಳಿಗೆ ಕೊಟ್ಟ ಪ್ರಯೋಗದ ವಿವರ 2019ರಲ್ಲಿ ಪ್ರಕಟವಾಯಿತು. ಗಡ್ಡೆಯ ಕಿಣ್ವ ಕಟ್ಟನ್ನು ಕತ್ತರಿಸಿದರೆ ಚಿನ್ನ ಬಿಡುಗಡೆಯಾಗಿ ಮೂತ್ರದಲ್ಲಿ ಬರುತ್ತದೆ. ಅದಕ್ಕೆ ರಾಸಾಯನಿಕ ಬೆರೆಸಿದರೆ ಬರಿಗಣ್ಣಿಗೇ ನೀಲಿ ಕಾಣುತ್ತದೆ. ಇದು ಮನುಷ್ಯರಲ್ಲೂ ಸಾಬೀತಾದರೆ ದುಬಾರಿ ಯಂತ್ರಗಳಿಲ್ಲದ ತಾಲ್ಲೂಕು ಆಸ್ಪತ್ರೆಗಳಿಗೆ ಅದರ ಬೆಲೆ ದೊಡ್ಡದು.

ಸೂಕ್ಷ್ಮತೆಗೆ ಎರಡು ಅರ್ಥ

ಪೆಗುಲಿಸಿಯಾನಿನ್ ಒಪ್ಪಿಗೆ ಪಡೆಯುವ ಮೊದಲು ಅಮೆರಿಕದ ಹಲವು ಆಸ್ಪತ್ರೆಗಳಲ್ಲಿ ನಡೆದ ಪರೀಕ್ಷೆಯ ಫಲಿತಾಂಶ 2023ರಲ್ಲಿ ಪ್ರಕಟವಾಯಿತು. ಅದರ ಅಂಕಿಗಳನ್ನು ನಿಧಾನವಾಗಿ ಓದಬೇಕು. 357 ಮಹಿಳೆಯರ ಪೈಕಿ 27 ಮಂದಿಯಲ್ಲಿ, ವೈದ್ಯರು ಮಾಮೂಲಿ ರೀತಿಯಲ್ಲಿ ಗಂಟು ತೆಗೆದು ಮುಗಿಸಿದ ಮೇಲೂ ಉಳಿದಿದ್ದ ಕ್ಯಾನ್ಸರನ್ನು ಈ ಬೆಳಕು ತೋರಿಸಿಕೊಟ್ಟಿತು. ಅಂಚಿನಲ್ಲಿ ರೋಗ ಉಳಿದಿದ್ದ 62 ಮಂದಿಯಲ್ಲಿ 9 ಮಂದಿಗೆ ಎರಡನೆಯ ಶಸ್ತ್ರಕ್ರಿಯೆ ತಪ್ಪಿತು. ಆ 9 ಮಂದಿಗೆ ಇದು ಸಣ್ಣ ಮಾತಲ್ಲ.

ಆದರೆ ಅಂಚು ಅಂಚನ್ನೂ ಲೆಕ್ಕ ಹಾಕಿದಾಗ, ರೋಗವಿದ್ದ ಅಂಚುಗಳಲ್ಲಿ ಶೋಧಕ ಗುರುತಿಸಿದ್ದು ಶೇಕಡ 49.3ರಷ್ಟನ್ನು, ಅರ್ಧಕ್ಕಿಂತ ತುಸು ಕಡಿಮೆ. ರೋಗವಿಲ್ಲದ ಅಂಚುಗಳಲ್ಲಿ ಶೇಕಡ 85.2ರಷ್ಟನ್ನು ಸರಿಯಾಗಿಯೇ ರೋಗವಿಲ್ಲವೆಂದಿತು. ಉಳಿದ ಕಡೆ ಸುಳ್ಳು ಬೆಳಕು. ಅದನ್ನು ನಂಬಿ ಆರೋಗ್ಯವಂತ ಅಂಗಾಂಶವನ್ನು ಒಂದಿಷ್ಟು ಹೆಚ್ಚು ತೆಗೆದಂತಾಗುತ್ತದೆ. ಕೆಲವರಿಗೆ ತೀವ್ರ ಅಲರ್ಜಿ ಉಂಟಾದುದರಿಂದ ಔಷಧದ ಮೇಲೆ ಗಂಭೀರ ಎಚ್ಚರಿಕೆಯನ್ನೂ ಮುದ್ರಿಸಲಾಗಿದೆ.

ಸೂಕ್ಷ್ಮತೆ ಎಂಬ ಮಾತಿಗೆ ಎರಡು ಅರ್ಥಗಳಿರುವುದು ಇಲ್ಲಿ ಗೋಚರವಾಗುತ್ತದೆ. ರಸಾಯನವಿಜ್ಞಾನಿಗೆ ಅದು ಎಷ್ಟು ಕಡಿಮೆ ಕಿಣ್ವವನ್ನು ಪತ್ತೆಮಾಡಬಹುದು ಎಂಬ ಪ್ರಶ್ನೆ. ವೈದ್ಯರಿಗೆ ಅದು, ರೋಗವಿರುವ ನೂರು ಕಡೆಗಳಲ್ಲಿ ಎಷ್ಟನ್ನು ಹಿಡಿಯಿತು ಎಂಬ ಪ್ರಶ್ನೆ. ಮೊದಲನೆಯದನ್ನು ಸುಧಾರಿಸಿದರೆ ಎರಡನೆಯದು ತಾನಾಗಿ ಸುಧಾರಿಸುವುದಿಲ್ಲ. ಗಡ್ಡೆಯಲ್ಲಿರುವ ಕಿಣ್ವಗಳು ಉರಿಯೂತವಿರುವ ಕಡೆಯೂ, ಮಾಯುತ್ತಿರುವ ಗಾಯದಲ್ಲೂ ಕೆಲಸ ಮಾಡುತ್ತಿರುತ್ತವೆ. ಕನ್ನಗತ್ತರಿ ಕಳ್ಳನ ಕೈಯಲ್ಲಷ್ಟೆ ಅಲ್ಲ, ಕಮ್ಮಾರನ ಕೈಯಲ್ಲೂ ಇರುತ್ತದೆ. ಶೋಧಕ ಇನ್ನೂ ಸೂಕ್ಷ್ಮವಾದರೆ ಇಬ್ಬರನ್ನೂ ಇನ್ನೂ ಬೇಗ ಹಿಡಿದೀತು, ಅಷ್ಟೆ. ಹಾಗಾಗಿ ಎರಡು ಬೇರೆ ಬೇರೆ ಕಿಣ್ವಗಳು ಒಟ್ಟಿಗೆ ಕೆಲಸ ಮಾಡಿದಾಗ ಮಾತ್ರ ಹೊಳೆಯುವ, ಅಥವಾ ಎರಡು ಬಣ್ಣಗಳ ಅನುಪಾತದಿಂದ ಉತ್ತರ ಹೇಳುವ ಶೋಧಕಗಳ ಕಡೆಗೆ ಸಂಶೋಧಕರ ಲಕ್ಷ್ಯ ಹರಿದಿದೆ. ಒಬ್ಬ ಸಾಕ್ಷಿಯ ಮಾತಿಗಿಂತ ಇಬ್ಬರ ಮಾತು ಹೊಂದಿಕೆಯಾದರೆ ನಂಬಿಕೆ ಹೆಚ್ಚು.

ಹಾಲಿನ ಪರೀಕ್ಷೆ ಇಷ್ಟು ಕಾಲ ಬಾಳಿದ್ದು ಅದರ ಸೂಕ್ಷ್ಮತೆಯೊಂದರಿಂದಲ್ಲ. ಅಲ್ಲಿ ಕಿಣ್ವ ಸತ್ತಿದೆಯೆಂದರೆ ಅದಕ್ಕೆ ಒಂದೇ ಅರ್ಥ: ಹಾಲು ಸರಿಯಾಗಿ ಕಾದಿದೆ. ಮನುಷ್ಯ ದೇಹದಲ್ಲಿ ಒಂದು ಬೆಳಕಿಗೆ ಅಷ್ಟು ಸ್ಪಷ್ಟವಾದ ಒಂದೇ ಅರ್ಥ ಇನ್ನೂ ಸಿಕ್ಕಿಲ್ಲ. ಅದು ಸಿಗುವವರೆಗೆ ಪರದೆಯ ಮೇಲೆ ಮೂಡುವ ಕಿಡಿ ಒಂದು ಸೂಚನೆ ಮಾತ್ರ. ಅಲ್ಲಿ ಕತ್ತರಿಸಬೇಕೋ ಬಿಡಬೇಕೋ ಎಂಬ ತೀರ್ಪು ಶಸ್ತ್ರವೈದ್ಯರದೇ. ತೆಗೆದ ತುಣುಕು ಸೂಕ್ಷ್ಮದರ್ಶಕದ ಕೆಳಗೆ ಹೋಗಬೇಕಾದದ್ದೂ ತಪ್ಪಿಲ್ಲ.